ಮಂಕರಿಯಡಿಯ ಕಡಲೆಕಾಯಿ ಗಿಡ

೨೧ ಆಗಸ್ಟ್ ೧೯೩೪, ಮಂಗಳವಾರ. ಐ.ಡಿ.ಹಳ್ಳಿ.

ಕಡಲೆಕಾಯಿ ಗಿಡದ ಬೇರಿನ ಗಂಟುಗಳನ್ನು ರೋಗವೆಂದು ಹೆದರಿ ಅತ್ತಿಗೆ ಬೊಮ್ಮಕ್ಕ ಹೊಲವನ್ನೇ ಕೀಳಿಸಲು ಹೊರಟಿದ್ದಳು. ಬೇರಿನ ಕಥೆಯೇ ಬೇರೆ, ಗಂಟಿನೊಳಗಿನ ಸಣ್ಣ ಜೀವಿಗಳು ಗೊಬ್ಬರ ಮಾಡಿಕೊಡುತ್ತವೆ, ಗಿಡ ಅವಕ್ಕೆ ಊಟ ಹಾಕುತ್ತದೆ ಎಂದೆ. ಯುಗಾದಿಯಲ್ಲಿ ತಮಾಷೆಗೆಂದು ಅವಳ ಹೋಳಿಗೆಗೆ ಹತ್ತಿ ತುಂಬಿದ ನನ್ನನ್ನು ಅವಳು ನಂಬುತ್ತಾಳೆಯೇ? ಎಂಟು ದಿನದ ಗಡುವು ಕೇಳಿಕೊಂಡು, ಬಿಸಿಲು ಬೀಳದಂತೆ ಒಂದು ಗಿಡಕ್ಕೆ ಮಂಕರಿ ಬುಟ್ಟಿ ಕವುಚಿದೆ.

ಇವತ್ತು ಗಂಟು ಸೀಳಿದೆವು. ಬಿಸಿಲಲ್ಲಿದ್ದ ಗಿಡದ್ದು ಒಳಗೆ ರಕ್ತದಂತೆ ಕೆಂಪು. ಮಂಕರಿಯಡಿಯದು ಹಸಿರುಗಟ್ಟಿ ಸತ್ತಿತ್ತು.

"ಬಿಸ್ಲಿಲ್ದೆ ಎಲೆ ಅಡುಗೆ ಮಾಡ್ಲಿಲ್ಲ, ಒಳಗಿನವ್ಕೆ ಅನ್ನ ಸಿಗ್ಲಿಲ್ಲ ಕಣತ್ತಿಗೆ" ಅಂದೆ.

"ಥೂ ಪಾಪಿ! ಒಂದ್ಮನೆ ಮಂದೀನೆಲ್ಲ ಉಪವಾಸ ಕೆಡವ್ಬುಟ್ಯಲ್ಲೋ!" ಎಂದು ಬೈದು, ಕೀಳಲು ಬಂದಿದ್ದ ಆಳುಗಳನ್ನು ಕಳೆ ತೆಗೆಯಲು ಅಟ್ಟಿದಳು.

ಹೊಲ ಉಳಿಯಿತು. ನನಗೆ ಮಾತ್ರ ಆ ಕೆಂಪೇ ಕಣ್ಣಿಗೆ ಕಟ್ಟಿದೆ. ಗಿಡಕ್ಕೆ ರಕ್ತ ಎಲ್ಲಿಂದ ಬಂತು? ಹುರುಳಿಯ ಬೇರಲ್ಲೂ ಇದೆಯೇ? ನಾಳೆ ಅದರ ಗಂಟನ್ನೂ ಸೀಳಿ ನೋಡಬೇಕು.