ಕಡಲಾಚೆಯ ಮೂದೇವಿ

ಜೂನ್ ೩, ಬೆಳಿಗ್ಗೆ

ಹಲ್ಲಿನ ಸೆಟ್ಟು ತೊಳೆದಾಯಿತು. ಕಣ್ಣಿನ ಡ್ರಾಪ್ಸ್ ಇನ್ನೂ ಆಗಿಲ್ಲ. ಹಾಕಬೇಕಾದ ಮೊಮ್ಮಗಳು ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದಾಳೆ.

ಹನ್ನೆರಡನೇ ಕ್ಲಾಸ್ ಮುಗಿಸಿದ ಮಕ್ಕಳು ಕಾಲೇಜಿಗೆ ಸೇರದೆ ಒಂದು ವರ್ಷ ಬೇರೆ ದೇಶದಲ್ಲಿ ಸೇವೆ ಮಾಡುವುದಂತೆ. ವಿಮಾನ, ರೂಮು, ಊಟ — ಖರ್ಚೆಲ್ಲ ಕಳಿಸುವವರದೇ. ಗ್ಯಾಪ್ ಇಯರ್ ಎಂದು ಹೆಸರು. ನನ್ನ ಬಾಯಲ್ಲಿರುವುದೂ ಗ್ಯಾಪೇ. ನನ್ನನ್ನು ಯಾರೂ ವಿಮಾನ ಹತ್ತಿಸಲಿಲ್ಲ.

ಇವಳಿಗೆ ಸಿಕ್ಕಿದ್ದು ವೃದ್ಧಾಶ್ರಮ. ಮುಂದೆ ನರ್ಸ್ ಆಗಬೇಕೆಂಬ ಆಸೆ, ಅದಕ್ಕೇ ಕೇಳಿ ಪಡೆದದ್ದು.

"ಮನೇಲೇ ಒಂದು ಮುದುಕಿ ಇದೆಯಲ್ಲ, ಅಷ್ಟು ದೂರ ಯಾಕೆ ಹೋಗ್ಬೇಕು?" ಎಂದ ನನ್ನ ಮಗ.

"ಈ ಮುದುಕಿ ಮೇಲೆ ಕಲ್ತಿದ್ದಾಯ್ತು. ಈಗ ಅವಳಿಗೆ ಹೊಸ ಮುದುಕಿ ಬೇಕು" ಎಂದೆ.

ಸೊಸೆ ಸೆರಗಿನೊಳಗೆ ನಕ್ಕಳು. ಮಗ ನಗಲಿಲ್ಲ. "ಮೊದಲ ತಿಂಗಳು ಟ್ರಯಲ್ ಅಂತೆ. ಅಷ್ಟರಲ್ಲೇ ಅತ್ಕೊಂಡು ಬರ್ತಾಳೆ. ಬಂದ್ಮೇಲೆ ನರ್ಸಿಂಗ್ ಮಾತು ಎತ್ತೋ ಹಾಗಿಲ್ಲ. ನಾನು ಹೇಳಿದ ಕಾಲೇಜು."

"ಆಯ್ತಪ್ಪ" ಎಂದಳು ಹುಡುಗಿ. ಜಿಪ್ ಎಳೆದೇ ಬಿಟ್ಟಳು.

ಜೂನ್ ೫

ತಲುಪಿದಳಂತೆ. ಮೆಸೇಜು ಬಂತು.

ಸೊಸೆ ಡ್ರಾಪ್ಸ್ ಹಾಕಿದಳು. ಒಂದು ಹನಿ ಹಣೆಗೆ, ಒಂದು ಕಿವಿಗೆ. ಕಣ್ಣು ಪಾಪ, ಕಾದೂ ಕಾದೂ ಮುಚ್ಚಿಕೊಂಡಿತು.

ಜೂನ್ ೧೪, ಮಧ್ಯಾಹ್ನ

ವಿಡಿಯೊ ಕಾಲ್. ಮುಖ ಊದಿಕೊಂಡಿದೆ. ಕಿಟಕಿ ಪಕ್ಕದ ಮಂಚದ ಮುದುಕಿಗೆ ಉಣಿಸುವುದು ಇವಳ ಕೆಲಸ. ಆ ಮುದುಕಿ ಬಾಯಿ ಬಿಡುವುದಿಲ್ಲ. ಚಮಚ ಎಸೆಯುತ್ತಾಳೆ. ನಿನ್ನೆ ಸೂಪೆಲ್ಲ ಇವಳ ತಲೆಗೆ.

"ಮೇಟ್ರನ್ ಹೇಳಿದ್ರು ಅಜ್ಜಿ, ಹೀಗೇ ಆದ್ರೆ ತಿಂಗಳಿಗೇ ವಾಪಸ್ ಕಳಿಸ್ತೀವಿ ಅಂತ. ಕಳಿಸೋದೇನು, ನಾನೇ ಬಂದ್ಬಿಡ್ತೀನಿ."

ಬಂದುಬಿಡು ಮಗಳೇ ಎಂದು ನಾಲಿಗೆ ತುದಿಗೆ ಬಂದಿತ್ತು. ಬಾಗಿಲಲ್ಲಿ ಮಗ ನಿಂತಿದ್ದ, ಮೈಯೆಲ್ಲ ಕಿವಿ ಮಾಡಿಕೊಂಡು. ನುಂಗಿದೆ.

"ಏನಂತ ಕರೀತೀಯ ಅವಳನ್ನ?"

"ಪ್ಲೀಸ್ ಮೇಡಂ, ಒಂದೇ ಒಂದು ತುತ್ತು ಅಂತೀನಿ."

"ಥೂ ಮೂದೇವಿ! ಪ್ಲೀಸ್ ಅಂದ್ರೆ ಯಾರಿಗಾದ್ರೂ ಹಸಿವಾಗುತ್ತಾ? ನಿನಗೆ ನಾನು ಹಾಗಾ ಉಣಿಸಿದ್ದು?"

ಅಳುವಿನ ನಡುವೆ ಒಂದು ನಗು ಬಂದ ಹಾಗಾಯಿತು. ಅಷ್ಟರಲ್ಲಿ ನೆಟ್ ಹೋಯಿತು.

ಜೂನ್ ೨೨

ಫೋನಿಲ್ಲ.

ಮಗ ಕಾಲೇಜಿನವರ ಹತ್ತಿರ ಸೀಟಿನ ಮಾತಾಡುತ್ತಿದ್ದಾನೆ. ದೊಡ್ಡ ದನಿಯಲ್ಲಿ, ನನಗೆ ಕೇಳಲಿ ಅಂತ. ನಾನು ಕಿವುಡಿಯಾದೆ.

ಬಂದರೆ ಬರಲಿ ಎಂದು ಒಂದು ಮನಸ್ಸು. ಡ್ರಾಪ್ಸ್‌ಗೋಸ್ಕರ ಅಲ್ಲ... ಸರಿ, ಡ್ರಾಪ್ಸ್‌ಗೋಸ್ಕರವೂ. ಆದರೆ ಸೋತು ಬಂದ ಹುಡುಗಿ ಹಾಕುವ ಹನಿ ನನ್ನ ಕಣ್ಣಿಗೆ ಉರಿ.

ಜೂನ್ ೨೪, ಸಂಜೆ

ಬಂತು ಫೋನು! ಕುಣಿಯುತ್ತಿದ್ದಾಳೆ.

ಮುದುಕಿ ಮತ್ತೆ ಬಟ್ಟಲು ತಳ್ಳಿದಳಂತೆ. ಇವಳಿಗೆ ರೇಗಿತು. ಇಂಗ್ಲಿಷು ಕೈಕೊಟ್ಟಿತು. ಬಾಯಿಗೆ ನನ್ನ ಮಾತೇ ಬಂತು — "ತಿನ್ನೇ ಮೂದೇವಿ, ಆರಿಹೋಗುತ್ತೆ!"

ಮುದುಕಿ ತಲೆ ಎತ್ತಿದಳಂತೆ. ಇವಳನ್ನೇ ನೋಡಿದಳಂತೆ. "ಮೂ... ದೇ... ವಿ" ಎಂದು ಮಿಠಾಯಿ ಚಪ್ಪರಿಸಿದ ಹಾಗೆ ಅಂದು, ಬಾಯಿ ತೆರೆದಳಂತೆ. ಬಟ್ಟಲು ಖಾಲಿ.

"ಮೇಟ್ರನ್ ಬಾಗಿಲಲ್ಲೇ ಇದ್ರು ಅಜ್ಜಿ. ಆ ಮಾತಿಗೆ ಅರ್ಥ ಏನು ಅಂತ ಕೇಳಿದ್ರು."

"ಏನಂದೆ?"

"ದೇವಿ ಹೆಸರು, ಲಕ್ಷ್ಮಿಯ ಅಕ್ಕ ಅಂದೆ. ಸುಳ್ಳಾ?"

ಸುಳ್ಳಲ್ಲ. ದರಿದ್ರ, ಸೋಮಾರಿತನ ಎರಡನ್ನೂ ಕಂಕುಳಲ್ಲಿಟ್ಟುಕೊಂಡು ಬರುವ ಅಕ್ಕ ಎಂಬುದನ್ನು ಬಿಟ್ಟಿದ್ದಾಳೆ, ಅಷ್ಟೆ. ನಾಲ್ಕನೇ ಕ್ಲಾಸ್ ಓದಿದ ನನಗೂ ಇಷ್ಟು ಚೆನ್ನಾಗಿ ನುಣುಚಿಕೊಳ್ಳಲು ಬರುತ್ತಿರಲಿಲ್ಲ.

ಜುಲೈ ೨

ಟ್ರಯಲ್ ತಿಂಗಳ ಕೊನೆಯ ತೀರ್ಮಾನ ಇವತ್ತು. ಎಲ್ಲರೂ ಫೋನಿನ ಮುಂದೆ. ಮಗ ನನ್ನ ಹಿಂದೆ.

ತೆರೆಯ ಮೇಲೆ ಮೇಟ್ರನ್ ಬಂದಳು. ಎತ್ತರದ ಹೆಂಗಸು, ಇಸ್ತ್ರಿ ಮಾಡಿದ ಮುಖ. ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ಬಹಳ ಗೌರವದಿಂದ ನನಗೆ ಅಂದಳು — "ಗುಡ್ ಮಾರ್ನಿಂಗ್, ಮೂದೇವಿ."

ಮಗನಿಗೆ ಕೆಮ್ಮು ಬಂತು. ಸೊಸೆ ಅಡುಗೆಮನೆಗೆ ಓಡಿದಳು.

ಅಲ್ಲಿ ಈಗ ಎಲ್ಲರೂ ಎಲ್ಲರಿಗೂ ಹಾಗೇ ಅನ್ನುವುದಂತೆ. ಡಾಕ್ಟರ್ ಮೂದೇವಿ, ಅಡುಗೆಯವ ಮೂದೇವಿ, ಗೇಟಿನವ ಮೂದೇವಿ. ಜನ್ಮವಿಡೀ ಮನೆಮಂದಿಗೆಲ್ಲ ಹಂಚಿದ್ದೆ. ಇಷ್ಟು ಮರ್ಯಾದೆಯಿಂದ ವಾಪಸ್ ಬಂದದ್ದು ಇದೇ ಮೊದಲು.

ಮೇಟ್ರನ್ ಮಾತನ್ನು ಹುಡುಗಿಯೇ ಹೇಳಿದಳು. "ವರ್ಷ ಪೂರ್ತಿ ಇರ್ಲಿ ಅಂತಾರೆ, ಅಪ್ಪ."

ಮಗ ನನ್ನ ಕಿವಿಯಲ್ಲಿ, "ಆ ಹೆಂಗಸಿಗೆ ನಿಜವಾದ ಅರ್ಥ ಹೇಳ್ಲಾ?"

"ಹೇಳು. ಆಮೇಲೆ ನಿನ್ನನ್ನೂ ಹಾಗೇ ಕರೀತೀನಿ, ನಿಜವಾದ ಅರ್ಥದಲ್ಲಿ."

ಫೋನಿನ ಕಡೆ ಬಾಗಿದ. "ಇರು ಮಗಳೇ. ಬಂದ್ಮೇಲೆ ಆ ನರ್ಸಿಂಗು... ನೋಡೋಣ."

ಇವನು ನೋಡೋಣ ಅಂದರೆ ಆಗುವುದಿಲ್ಲ ಎಂದೇ ಈ ಮನೆಯಲ್ಲಿ ಅರ್ಥ. ಇವತ್ತು ಹಾಗೆ ಕೇಳಿಸಲಿಲ್ಲ.

ಜುಲೈ ೩

ಬೆಳಿಗ್ಗೆ ಮಗ ಡ್ರಾಪ್ಸ್ ಸೀಸೆ ಹಿಡಿದು ಬಂದ. "ತಲೆ ಎತ್ತಮ್ಮ. ಕೆಳಗಿನ ರೆಪ್ಪೆ ಎಳೀಬೇಕಂತೆ, ನಿನ್ನ ಮೊಮ್ಮಗಳು ಹೇಳಿಕೊಟ್ಳು." ಹನಿ ನೇರ ಕಣ್ಣಿಗೇ ಬಿತ್ತು.

"ನರ್ಸಿಂಗ್ ಎಷ್ಟು ವರ್ಷ ಅಮ್ಮಾ?" ಎಂದ, ಇನ್ನೊಂದು ಕಣ್ಣಿಗೆ ಹಾಕುತ್ತ.

ಕಣ್ಣಲ್ಲಿ ನೀರು. ಔಷಧಿಯದು.

ಜುಲೈ ೯, ಮಧ್ಯಾಹ್ನ

ಕಿಟಕಿ ಪಕ್ಕದ ಮಂಚದವಳಿಗೆ ಈ ಮಾತಿನ ಮೂಲ ಮಾಲೀಕಳನ್ನು ನೋಡಬೇಕಂತೆ. ಇವತ್ತು ಫೋನು ಮಾಡಿಸುತ್ತಾಳಂತೆ. ಅವಳ ಭಾಷೆ ನನಗೆ ಬರುವುದಿಲ್ಲ, ನನ್ನದರಲ್ಲಿ ಅವಳಿಗೆ ಒಂದೇ ಮಾತು. ಸಾಕು. ಜಗಳಕ್ಕೂ ಸಾಕು, ಸ್ನೇಹಕ್ಕೂ ಸಾಕು.

ತಲೆ ಬಾಚಿದೆ. ಹೊಸ ಸೀರೆ. ಹಲ್ಲಿನ ಸೆಟ್ಟು ಎಲ್ಲಿಟ್ಟೆನೋ... ಅವಳಿಗೂ ಹಲ್ಲಿಲ್ಲವಂತೆ. ಹಾಗಾದರೆ ಬಿಡು, ಗ್ಯಾಪಿಗೆ ಗ್ಯಾಪು.

ಹೊಡೆದುಕೊಳ್ಳುತ್ತಿದೆ ಫೋನು. ಬಂದೆ ಇರೇ, ಮೂದೇ—