ಎಣ್ಣೆ ಹತ್ತಿದ ಟವೆಲ್‌ಗಳು

ಮಾರ್ಚ್ ೯, ಭಾನುವಾರ

ಟವೆಲ್‌ಗಳ ಕರಿ ಇನ್ನೂ ಬಿಟ್ಟಿಲ್ಲ. ಬೈಕ್ ರ‍್ಯಾಲಿಯವರು ಬೆಳಿಗ್ಗೆ ಊರು ಬಿಟ್ಟರು. ನಮ್ಮ ಲಾಡ್ಜಿನ ಬಿಳಿ ಟವೆಲ್‌ಗಳಲ್ಲೇ ಚೈನ್ ಒರೆಸಿ, ನೀಟಾಗಿ ಮಡಚಿಟ್ಟು ಹೋಗಿದ್ದಾರೆ, ಪುಣ್ಯಾತ್ಮರು! ಅವರಿಗೆ ಹಳೆ ಬಟ್ಟೆ ಬೇರೆ ಇಡಬೇಕು ಎಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ, ಮರೆಯುತ್ತೇನೆ. ಉಜ್ಜಿ ಉಜ್ಜಿ ತೋಳು ಬಿದ್ದುಹೋಗಿದೆ.

ಅದೇ ಸಿಟ್ಟಿನಲ್ಲಿ ಸಂಜೆ ಊರಿನ ಸಭೆಗೆ ಹೋದೆ. ಮುಂದಿನ ವರ್ಷ ರ‍್ಯಾಲಿ ಬೇಡ ಎನ್ನುವವರು ಕೈ ಎತ್ತಿ ಎಂದರು. ಪಕ್ಕದಲ್ಲಿದ್ದ ಟೀ ಅಂಗಡಿಯವಳು, "ಅವರು ಬರ್ದಿದ್ರೆ ನಮ್ಮ ಹೊಟ್ಟೆಪಾಡೇನಕ್ಕಾ?" ಎಂದಳು. ಆದರೂ ಎತ್ತಿದೆ. ರ‍್ಯಾಲಿ ರದ್ದಾಯಿತು.

ಮನೆಗೆ ಬಂದರೆ ಅತ್ತೆ ಇನ್ನೂ ಹೊರಗಿನ ಕಲ್ಲುಕಟ್ಟೆಯ ಮೇಲೆಯೇ ಕೂತಿದ್ದರು, ಎರಡೂ ಅಂಗೈ ಕಲ್ಲಿಗೆ ಒತ್ತಿಕೊಂಡು. ಅವರ ಕಿವಿ ಪೂರ್ತಿ ಹೋಗಿ ವರ್ಷಗಳಾದವು. ನಾವು ಕೂಗಿದ್ದೂ ಕೇಳದು, ಕಡಲೂ ಕೇಳದು. ಬೈಕುಗಳು ಸಾಲಾಗಿ ಹೋಗುವಾಗ ಮಾತ್ರ ಕಟ್ಟೆ ನಡುಗುತ್ತದೆ, ಅವರ ಅಂಗೈಗೆ ಅದೇ ಸದ್ದು.

"ಬೆಳಿಗ್ಗೆಯಿಂದೀಚೆ ಸದ್ದೇ ಇಲ್ವಲ್ಲೇ," ಎಂದರು. "ಹೊರಟುಬಿಟ್ರಾ? ಮುಂದಿನ ವರ್ಷ ಬರ್ತಾರಲ್ವಾ?"

ಹೌದೆಂದು ತಲೆಯಾಡಿಸಿದೆ. ಮಗುವಿನಂತೆ ನಕ್ಕರು.

ಟವೆಲ್‌ಗಳು ಬಕೆಟ್ಟಿನಲ್ಲಿ ಹಾಗೇ ಇವೆ. ಬಿಸಾಡೋಣವೆಂದರೆ ಮನಸ್ಸು ಬರುತ್ತಿಲ್ಲ. ಎತ್ತಿಟ್ಟರೆ ಮುಂದಿನ ವರ್ಷ ಅವರಿಗೆ ಚೈನ್ ಒರೆಸಲು ಆದೀತು. ಅಯ್ಯೋ, ಬರುವವರೇ ಇಲ್ಲವಲ್ಲ.