ನೆನೆಯುವವರ ಸಾಲಿನಲ್ಲಿ ಅಣ್ಣ

ಅಪ್ಪನಿಗೆ ನಮಸ್ಕಾರ.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಅಮ್ಮನಿಗೆ ಹೇಳಿ. ಅಣ್ಣ ಹೋಗಿ ವರ್ಷ ತುಂಬುವ ದಿನದ ಜಾಹೀರಾತನ್ನು ನಮ್ಮ ಪತ್ರಿಕೆಗೆ ನಾನೇ ಸಿದ್ಧಮಾಡಿದೆ. ನೀವು ಹೇಳಿದಂತೆ ಇಂಗ್ಲಿಷಿನಲ್ಲೇ. ಕಷ್ಟವೇನಿರಲಿಲ್ಲ. ಆ ಭಾಷೆಯಲ್ಲಿ ನೆನೆಯುವುದಕ್ಕೆ ನಮ್ಮ ಜಾಹೀರಾತು ವಿಭಾಗದಲ್ಲಿ ಸಿದ್ಧ ಸಾಲುಗಳೇ ಇವೆ. ಮೇಲೆ ‘ಇನ್ ಲವಿಂಗ್ ಮೆಮೊರಿ’, ನಡುವೆ ಫೋಟೊ, ಕೆಳಗೆ ‘ಫಾಂಡ್ಲಿ ರಿಮೆಂಬರ್ಡ್ ಬೈ’ ಎಂದು ಹಾಕಿ ನೆನೆಯುವವರ ಹೆಸರು. ದಿನವೂ ಮಾಡುವ ಕೆಲಸ, ಕೈಗೆ ಅಭ್ಯಾಸವಾಗಿದೆ.

ಆ ಅಭ್ಯಾಸದಿಂದಲೇ ಎಡವಟ್ಟಾಯಿತು. ಹಿಂದೆ ಅಜ್ಜಿಯ ನೆನಪಿಗೆ ಹಾಕಿಸಿದ್ದನ್ನೇ ತೆಗೆದು ಮೇಲಿನ ಹೆಸರು, ಫೋಟೊ ಬದಲಿಸಿದೆ. ಕೆಳಗಿನ ಸಾಲು ಹಾಗೇ ಉಳಿಯಿತು, ಅಣ್ಣನ ಹೆಸರೇ ಮೊದಲು. ಪ್ರೂಫ್ ನೋಡುವವರು ಕರೆದು, “ಏನಮ್ಮಾ ಇದು, ತೀರಿಕೊಂಡವರು ತಮ್ಮನ್ನ ತಾವೇ ನೆನೆಸ್ಕೊಳ್ತಿದ್ದಾರಲ್ಲ?” ಎಂದು ನಕ್ಕರು. ಅವರಿಗೆ ಅದು ಯಾರೆಂದು ಗೊತ್ತಿಲ್ಲ. ನಾನೂ ನಕ್ಕೆ.

“ಅಜ್ಜಿ ಎತ್ತಿ ಆಡಿಸಿದ್ದು ಅವನನ್ನ, ಅವನ ಹೆಸರೇ ಮೊದಲಿರಲಿ” ಎಂದು ಆಗ ನೀವೇ ಹೇಳಿದ್ದಿರಿ. ಈಗ ಅದನ್ನು ತೆಗೆದರೆ ನನ್ನ ಹೆಸರು ಮೊದಲಿಗೆ ಬರುತ್ತದೆ. ಅದು ಬೇಡ. ನಿಮ್ಮದನ್ನು ಮುಂದೆ ತರಲೇ? ಗುರುವಾರದೊಳಗೆ ಫೋನ್ ಮಾಡಿ. ಬೇರೆ ಫೋಟೊ ಇದ್ದರೆ ಕಳಿಸಿ, ಇದರಲ್ಲಿ ಕಣ್ಣು ಮುಚ್ಚಿಕೊಂಡಿದ್ದಾನೆ.

ಹೋದ ವರ್ಷ, ಅಣ್ಣ ಹೋದ ಮರುತಿಂಗಳು, ಅಜ್ಜಿಯದನ್ನು ಹಾಕಿಸುವುದು ನಮಗ್ಯಾರಿಗೂ ನೆನಪಾಗಲಿಲ್ಲ. ಮುಂದಿನ ತಿಂಗಳು ಹಾಕಿಸುತ್ತೇನೆ. ಅದರಲ್ಲಿ ಮಾತ್ರ ಅಣ್ಣನ ಹೆಸರನ್ನು ತೆಗೆಯುವುದಿಲ್ಲ.

ಇಂತಿ,
ನಿಮ್ಮ ಮಗಳು